ದೋಣಿಗೊಂದು ದಡ, ದಡಕ್ಕೊಂದು ಅಪ್ಪಣೆ

‘ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ?’ ಎಂಬುದು ಕನ್ನಡದ ಹಳೆಯ ಗಾದೆ. ನೀರು ಯಾರೊಬ್ಬರ ಸೊತ್ತೂ ಅಲ್ಲ, ಅದನ್ನು ಮುಟ್ಟಲು, ಕುಡಿಯಲು, ದಾಟಲು ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ಅದರ ಧೋರಣೆ. ಮಾತು ದಿಟವೇ. ಆದರೆ ಅದೇ ನೀರಿನ ಮೇಲೆ ದೋಣಿಯೊಂದನ್ನು ತೇಲಬಿಟ್ಟು, ಅದರಲ್ಲೇ ಒಲೆ ಹೂಡಿ, ಅದರಲ್ಲೇ ಮಲಗಿ ಏಳುತ್ತೇನೆಂದು ಹೊರಟವನಿಗೆ ಗಾದೆ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಹಗ್ಗದ ಒಂದು ತುದಿ ದೋಣಿಯಲ್ಲಿದ್ದರೆ ಇನ್ನೊಂದು ತುದಿ ಎಲ್ಲಾದರೂ ನೆಲದ ಮೇಲಿರಲೇಬೇಕು. ನೀರಿಗೆ ಒಡೆಯನಿಲ್ಲದಿರಬಹುದು, ದಡಕ್ಕೆ ಇದ್ದೇ ಇರುತ್ತಾನೆ.

ದೋಣಿಯನ್ನೇ ಮನೆ ಮಾಡಿಕೊಂಡವರು ಜಗತ್ತಿನ ಹಲವೆಡೆ ಇದ್ದಾರೆ. ಅವರನ್ನು ಕೇಳಿದರೆ ದೋಣಿ ಸಿಗುವುದು ಸುಲಭ, ಅದನ್ನು ವರ್ಷಗಟ್ಟಲೆ ಕಟ್ಟಿಹಾಕಲು ಒಂದು ನೆಲೆ ಸಿಗುವುದೇ ಕಷ್ಟ ಎನ್ನುತ್ತಾರೆ. ಈ ಮಾತನ್ನು ಚಿತ್ರದುರ್ಗದ ಬಯಲುಸೀಮೆಯಲ್ಲಿ ನಿಂತು ಯೋಚಿಸುವುದು ಮೇಲುನೋಟಕ್ಕೆ ತಮಾಷೆಯಾಗಿ ಕಾಣಬಹುದು. ಬೇಸಿಗೆಯಲ್ಲಿ ಹಿರಿಯೂರಿನ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಎಷ್ಟೋ ವರ್ಷ ಕಂಡದ್ದು ನೀರಲ್ಲ, ಮರಳು ಮತ್ತು ಜಾಲಿ. ಅಂಥ ಕಡೆ ದೋಣಿಯ ಮಾತೇಕೆ? ದೋಣಿ ನಿಲ್ಲಲು ಏನೇನು ಬೇಕು ಎಂಬುದು, ಅದು ನಿಲ್ಲಲಾಗದ ಜಾಗದಲ್ಲೇ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದಷ್ಟೇ ಇದಕ್ಕೆ ಉತ್ತರ.

ಕೆರೆಯ ನಾಡು, ದೋಣಿಯ ನಾಡಲ್ಲ

ಜಿಲ್ಲೆಯ ಮುಖ್ಯ ನದಿ ವೇದಾವತಿ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರು ಸೀಮೆಯಲ್ಲಿ ಒಂದಾಗುತ್ತವೆ. ಅಲ್ಲಿಂದ ಹೊಸದುರ್ಗ ತಾಲ್ಲೂಕಿಗೆ ಬರುವ ನದಿ ಕೆಲ್ಲೋಡಿನ ಬಳಿ ಹಾದು ಮಾರಿಕಣಿವೆಗೆ ಇಳಿಯುತ್ತದೆ. ಅಣೆಕಟ್ಟೆ ದಾಟಿ ಹಿರಿಯೂರಿಗೆ ಬಂದು, ಸುವರ್ಣಮುಖಿಯನ್ನು ಕೂಡಿಕೊಂಡು, ಚಳ್ಳಕೆರೆ ತಾಲ್ಲೂಕಿನ ಮೂಲಕ ಆಂಧ್ರಕ್ಕೆ ಹೋಗಿ, ಮತ್ತೆ ಬಳ್ಳಾರಿ ಸೀಮೆಗೆ ಹಗರಿ ಎಂಬ ಹೆಸರಿನಲ್ಲಿ ಮರಳಿ, ಕೊನೆಗೆ ತುಂಗಭದ್ರೆಯಲ್ಲಿ ಲೀನವಾಗುತ್ತದೆ. ದಾರಿ ಉದ್ದ, ನೀರು ಕಡಿಮೆ. ಮಳೆಗಾಲದಲ್ಲಿ ಕೆಲವು ದಿನ ಕೆಂಪಾಗಿ ಉಕ್ಕಿ ಹರಿದು, ಆಮೇಲೆ ತಿಂಗಳುಗಟ್ಟಲೆ ಮರಳಿನಡಿ ಅಡಗಿಕೊಳ್ಳುವುದು ಅದರ ಹಳೆಯ ಸ್ವಭಾವ.

ಹೀಗಾಗಿ ಇಲ್ಲಿನ ಜನ ನೀರನ್ನು ಹಿಡಿದಿಡುವುದನ್ನು ಕಲಿತರೇ ಹೊರತು ಅದರ ಮೇಲೆ ಬದುಕುವುದನ್ನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕಾಲದ ಶಾಸನವಿದೆ. ನಾಲ್ಕನೆಯ ಶತಮಾನದ ಆ ಬಂಡೆಗಲ್ಲು ಹೇಳುವುದು ಕೆರೆಯೊಂದರ ವಿಷಯವನ್ನು. ಕೋಟೆಯ ಮೇಲೆ ಕೆಳಗೆ ಗೋಪಾಲಸ್ವಾಮಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡ ಎಂದು ಕಲ್ಲಿನ ನಡುವೆ ನೀರು ಕೂಡಿಟ್ಟ ಜಾಣ್ಮೆ ಕಾಣುತ್ತದೆ. ಹೊಳಲ್ಕೆರೆಗಂತೂ ಹೆಸರಿನಲ್ಲೇ ಕೆರೆಯುಂಟು. ಕೆರೆಯಲ್ಲಿ ದೋಣಿ ಇದ್ದರೂ ಅದು ಹೋಗುವುದು ಈ ದಂಡೆಯಿಂದ ಆ ದಂಡೆಗೆ, ಬಲೆ ಬೀಸಿ ಬರಲಿಕ್ಕೆ. ಸಂಜೆಗೆ ದೋಣಿಯವನು ಮನೆಗೆ ಹೋಗುತ್ತಾನೆ, ದೋಣಿಯೂ ದಡಕ್ಕೆ ಬರುತ್ತದೆ.

ಹೆಗಲ ಮೇಲೆ ಹೋಗುವ ದೋಣಿ

ಇಂಥ ನಾಡಿಗೆ ಹೇಳಿ ಮಾಡಿಸಿದ ದೋಣಿ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ಚರ್ಮವನ್ನೂ ಈಚೆಗೆ ಟಾರು ಬಳಿದ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸುತ್ತಾರೆ. ಈಗ ಫೈಬರಿನವೂ ಬಂದಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ನೇರ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದು ಅವನ ವರದಿ.

ಹರಿಗೋಲಿನ ದೊಡ್ಡ ಗುಣ ಅದರ ಹಗುರ. ಮೀನು ಹಿಡಿಯುವ ಸಣ್ಣ ಹರಿಗೋಲನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ನಡೆದುಬಿಡಬಲ್ಲ. ದಡದಲ್ಲಿ ಕವುಚಿ ಹಾಕಿದರೆ ಅದೇ ಮಳೆಗೆ ಸೂರು. ಅದಕ್ಕೆ ಗೂಟ ಬೇಡ, ಲಂಗರು ಬೇಡ, ಕಟ್ಟೆ ಬೇಡ. ಮನೆಯ ಗೋಡೆಗೆ ಒರಗಿಸಿಟ್ಟರೆ ಅದೇ ಅದರ ನೆಲೆ. ನಿಲ್ಲದ ನದಿಗೆ ನಿಲ್ಲದ ದೋಣಿ. ವರ್ಷವಿಡೀ ತುಂಬಿ ನಿಧಾನವಾಗಿ ಹರಿಯುವ ನೀರಿದ್ದಲ್ಲಿ ಮಾತ್ರ ದೋಣಿಗೆ ಕೋಣೆ, ಮಾಡು, ಅಡಿಗೆಮನೆ ಕಟ್ಟುವ ಮನಸ್ಸು ಬರುತ್ತದೆ. ಅದು ಕೇರಳದ ಹಿನ್ನೀರಿನಲ್ಲಿ ಬಂದಿತು, ಕಾಶ್ಮೀರದ ದಾಲ್ ಸರೋವರದಲ್ಲಿ ಬಂದಿತು, ವೇದಾವತಿಯಲ್ಲಿ ಬರಲಿಲ್ಲ.

ಕಣಿವೆಯಲ್ಲಿ ಬಂದ ಸಮುದ್ರ

ಆದರೂ ಜಿಲ್ಲೆಗೆ ಒಂದು ಸಮುದ್ರ ಬಂತು. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ, ಕಣಿವೆ ಮಾರಮ್ಮನ ಸನ್ನಿಧಿಯ ಪಕ್ಕದಲ್ಲಿ, ಮೈಸೂರು ಸಂಸ್ಥಾನ 1898ರಲ್ಲಿ ಅಣೆಕಟ್ಟೆಯ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ ಬಂತು. ಜನರ ಬಾಯಲ್ಲಿ ಇವತ್ತಿಗೂ ಅದು ಮಾರಿಕಣಿವೆಯೇ. 130 ಅಡಿಯವರೆಗೆ ನಿಲ್ಲುವ ಸುಮಾರು 30 ಟಿ.ಎಂ.ಸಿ. ನೀರು, ಹಿನ್ನೀರು ಹಿರಿಯೂರು ತಾಲ್ಲೂಕು ದಾಟಿ ಹೊಸದುರ್ಗ ತಾಲ್ಲೂಕಿನೊಳಗೆ. ನೀರು ತುಂಬಿದಾಗ ಗುಡ್ಡದ ಮೇಲೆ ನಿಂತರೆ ಎದುರಿನ ದಡ ಮಸುಕಾಗಿ ಕಾಣುತ್ತದೆ.

ದೋಣಿಮನೆಗೆ ಇದಕ್ಕಿಂತ ಬೇರೆ ಜಾಗ ಬೇಕೆ ಎನ್ನಿಸಬಹುದು. ಆದರೆ ಈ ಜಲಾಶಯದ ಚರಿತ್ರೆಯನ್ನು ಒಮ್ಮೆ ನೋಡಬೇಕು. 1933ರಲ್ಲಿ ಅದು ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಮೂರನೆಯ ಸಲ 2025ರ ಜನವರಿಯಲ್ಲಿ. ಈ ನಡುವೆ 2017ರ ಹೊತ್ತಿಗೆ ನೀರು ಅರ್ಧದಷ್ಟು ಎತ್ತರಕ್ಕೆ ಕುಸಿದು, ತೂಬಿಗೆ ಸಿಗದ ತಳದ ನೀರಿನ ಹತ್ತಿರಕ್ಕೆ ಹೋಗಿತ್ತು. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರತೊಡಗಿದ ಮೇಲೆ ಚಿತ್ರ ಬದಲಾಯಿತು. ಐದಾರು ವರ್ಷಗಳಲ್ಲಿ ನೀರಿನ ಮಟ್ಟ ಅರವತ್ತು ಅಡಿಗೂ ಮಿಕ್ಕಿ ಏರಿತು.

ಈ ಅರವತ್ತು ಅಡಿ ಎಂದರೇನು? ನೆಲ ನೂರು ಅಡಿಗೆ ಒಂದಡಿಯಂತೆ ಇಳಿಜಾರಾಗಿರುವ ಕಡೆ, ನೀರು ಅರವತ್ತು ಅಡಿ ಇಳಿದರೆ ದಡ ಆರು ಸಾವಿರ ಅಡಿ, ಅಂದರೆ ಒಂದು ಮೈಲಿಗಿಂತ ಹೆಚ್ಚು ಹಿಂದೆ ಸರಿಯುತ್ತದೆ. ಇಂದು ದಡದ ಬೇವಿನ ಮರಕ್ಕೆ ಕಟ್ಟಿದ ದೋಣಿ ಕೆಲವು ಬರಗಾಲಗಳು ಕಳೆಯುವಷ್ಟರಲ್ಲಿ ಹೊಲದ ನಡುವೆ ಕೂತಿರುತ್ತದೆ. ಮೀನುಗಾರನ ಹರಿಗೋಲು ನೀರಿನ ಬೆನ್ನು ಹತ್ತಿ ಹೋಗುತ್ತದೆ. ಹತ್ತಾರು ಟನ್ ಭಾರದ ದೋಣಿಮನೆಯಿಂದ ಅದು ಆಗದ ಮಾತು.

ನೆಲೆ ಎಂದರೆ ಏನೇನು?

ದೋಣಿಯನ್ನು ಒಂದು ರಾತ್ರಿ ಕಟ್ಟುವುದಕ್ಕೂ ಹತ್ತು ವರ್ಷ ಕಟ್ಟುವುದಕ್ಕೂ ಬಹಳ ಅಂತರವುಂಟು. ರಾತ್ರಿಯ ಮಟ್ಟಿಗೆ ಒಂದು ಮರದ ಬೇರು ಸಾಕು. ವರ್ಷಗಟ್ಟಲೆ ನಿಲ್ಲುವುದಾದರೆ ಮೊದಲು ನೋಡಬೇಕಾದದ್ದು ಕಡು ಬೇಸಿಗೆಯ ನೀರಿನ ಆಳವನ್ನು. ತುಂಬಿದಾಗಿನ ಚೆಲುವು ಯಾರನ್ನೂ ಮೋಸಗೊಳಿಸುತ್ತದೆ. ನೀರು ಬತ್ತಿ ದೋಣಿಯ ತಳ ಕಲ್ಲಿನ ಮೇಲೆ ಕೂತರೆ ಅದರ ಭಾರಕ್ಕೆ ಅದರ ಹಲಗೆಯೇ ಸೀಳುತ್ತದೆ.

ಎರಡನೆಯದು ಹಗ್ಗ. ಬಿಗಿಯಾಗಿ ಕಟ್ಟಿದರೆ ಭದ್ರ ಎಂದು ಹೊಸಬರು ಭಾವಿಸುತ್ತಾರೆ. ನೀರು ಇಳಿದಾಗ ಬಿಗಿ ಹಗ್ಗಕ್ಕೆ ದೋಣಿ ಒಂದು ಮಗ್ಗುಲಾಗಿ ತೂಗುಬೀಳುತ್ತದೆ. ನೀರು ಏರಿದಾಗ ಅದೇ ಹಗ್ಗ ದೋಣಿಯ ಅಂಚನ್ನು ನೀರೊಳಗೆ ಜಗ್ಗುತ್ತದೆ. ಸಡಿಲ ಬಿಟ್ಟರೆ ಅಲೆಗೆ ದಡಕ್ಕೆ ಬಡಿದುಕೊಳ್ಳುತ್ತದೆ. ಆದ್ದರಿಂದ ಮುಂದಕ್ಕೊಂದು ಹಿಂದಕ್ಕೊಂದು ಉದ್ದನೆಯ ಹಗ್ಗಗಳನ್ನು ಓರೆಯಾಗಿ ಎಳೆದು ಕಟ್ಟುತ್ತಾರೆ. ಮಟ್ಟ ಬಹಳ ಏರಿಳಿಯುವ ಕಡೆ ನೀರಿನೊಳಗೆ ಎತ್ತರದ ಕಂಬ ನೆಟ್ಟು, ಅದರಲ್ಲಿ ಮೇಲೆ ಕೆಳಗೆ ಜಾರುವ ಬಳೆಗೆ ದೋಣಿಯನ್ನು ಕಟ್ಟುವುದುಂಟು. ಇಲ್ಲವೇ ತೇಲುವ ಕಟ್ಟೆ ಮಾಡಿ, ಅದರಿಂದ ದಡಕ್ಕೆ ಹಲಗೆಯ ಸಂಕ ಹಾಕುತ್ತಾರೆ.

ಮೂರನೆಯದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಸಾಕ್ಷಿ, ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಪಡುವಣ ಗಾಳಿ ಜೋರು. ಬಯಲಾದ ನೀರಿನ ಮೇಲೆ ಗಾಳಿ ಓಡಿದಷ್ಟೂ ಅಲೆ ಬೆಳೆಯುತ್ತದೆ. ಹಾಗಾಗಿ ನೆಲೆ ಬೇಕಾದವನು ಗುಡ್ಡದ ಮರೆ ಹುಡುಕಬೇಕು. ನದಿಯಲ್ಲಾದರೆ ಹರಿವಿನ ಸೆಳೆತ ಹೊಡೆಯದ ಒಳದಂಡೆ, ಪ್ರವಾಹದಲ್ಲಿ ಮರದ ದಿಮ್ಮಿಗಳು ತೇಲಿಬಂದು ಅಪ್ಪಳಿಸದ ಜಾಗ ಬೇಕು.

ಇಷ್ಟೆಲ್ಲ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಕುಡಿಯುವ ನೀರು ಎಲ್ಲಿಂದ? ಕಕ್ಕಸಿನ ಕೊಳೆ ಎಲ್ಲಿಗೆ? ಮಾರಿಕಣಿವೆಯ ಮಟ್ಟಿಗೆ ಈ ಪ್ರಶ್ನೆ ಗಂಭೀರವಾದದ್ದು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳು ಕುಡಿಯುವುದು ಈ ನೀರನ್ನೇ. ಊರು ಕುಡಿಯುವ ನೀರಿನ ಮೇಲೆ ಸಂಸಾರ ಹೂಡುವುದು ಒಬ್ಬನ ಸ್ವಾತಂತ್ರ್ಯದ ವಿಷಯವಾಗಿ ಉಳಿಯುವುದಿಲ್ಲ. ಇಲ್ಲಿ ದೊಣ್ಣೆನಾಯಕನ ಅಪ್ಪಣೆ ಕೇಳುವುದೇ ನ್ಯಾಯ.

ಕಾನೂನೂ ಗಾದೆಯ ಪಕ್ಷದಲ್ಲಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ನದಿ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು. ಜಲಾಶಯದ ಅಂಚು ನೀರಾವರಿ ಇಲಾಖೆಯ ಕೈಯಲ್ಲಿ, ಮೀನು ಹಿಡಿಯುವ ಪರವಾನಗಿ ಮೀನುಗಾರಿಕೆ ಇಲಾಖೆಯ ಕೈಯಲ್ಲಿ. 2021ರ ಒಳನಾಡು ನೌಕೆಗಳ ಅಧಿನಿಯಮ ಯಂತ್ರದ ದೋಣಿಗಳಿಗೆ ನೋಂದಣಿ, ತಪಾಸಣೆಗಳನ್ನು ಕಡ್ಡಾಯ ಮಾಡಿದೆ. ನೋಂದಣಿಯಿಂದ ದೋಣಿಗೆ ಒಂದು ಸಂಖ್ಯೆ ಸಿಗುತ್ತದೆ, ದಡದಲ್ಲಿ ಜಾಗ ಸಿಗುವುದಿಲ್ಲ.

ಕೊಚ್ಚಿಯ ಸೇತುವೆಯಡಿಯ ಕನ್ನಡಿಗರು

ಕನ್ನಡಿಗರಲ್ಲಿ ದೋಣಿಯ ಬದುಕು ಬದುಕುವವರೇ ಇಲ್ಲವೇ ಎಂದರೆ, ಇದ್ದಾರೆ. ಅವರನ್ನು ಕಾಣಲು ಕೇರಳಕ್ಕೆ ಹೋಗಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಮೀನುಗಾರ ಕುಟುಂಬಗಳು ಹರಿಗೋಲುಗಳ ಸಮೇತ ಹೊರಟು, ಪೆರಿಯಾರ್ ನದಿ, ಕೊಚ್ಚಿಯ ಸುತ್ತಲಿನ ಹಿನ್ನೀರುಗಳಲ್ಲಿ ಮೀನು ಹಿಡಿದು ಜೀವನ ಸಾಗಿಸುತ್ತವೆ. ಗಂಡ ಬಲೆ ಬಿಡುತ್ತಾನೆ, ಹೆಂಡತಿ ಹುಟ್ಟು ಹಾಕುತ್ತಾಳೆ. ಎಳೆಯ ಮಗುವಿದ್ದರೆ ಅದೂ ಬುಟ್ಟಿಯೊಳಗೇ. ರಾತ್ರಿ ಹಿಡಿದ ಮೀನನ್ನು ಬೆಳಿಗ್ಗೆ ರಸ್ತೆ ಬದಿಯಲ್ಲಿ ಮಾರುತ್ತಾರೆ. ಸೇತುವೆಯ ಅಡಿ, ಖಾಲಿ ನಿವೇಶನ, ಹೊಳೆದಂಡೆಯ ತುಂಡು ನೆಲ, ಇವೇ ಅವರ ಬೀಡು. ಪ್ಲಾಸ್ಟಿಕ್ ಹಾಳೆಯ ಗುಡಾರ, ಅದರ ಪಕ್ಕ ಕವುಚಿಹಾಕಿದ ಹರಿಗೋಲು.

ಇವರ ಕಷ್ಟ ನೀರಿನ ಮೇಲಿನದಲ್ಲ, ದಡದ್ದು. ಹರಿಗೋಲಿಗೆ ಎಲ್ಲ ಹೊಳೆಯೂ ಒಂದೇ. ಆದರೆ ನಿವೇಶನದ ಒಡೆಯ ಏಳು ಎಂದ ದಿನ ಏಳಬೇಕು. ಸ್ಥಳೀಯ ಬೆಸ್ತರಿಗೆ ಇವರು ಪಾಲುಗಾರರಂತೆ ಕಂಡರೆ ಅದೂ ಸಹಜ, ಅವರದೂ ಹೊಟ್ಟೆಪಾಡು. ಪಡಿತರ ಚೀಟಿ ಇರುವುದು ಊರಿನಲ್ಲಿ, ಒಲೆ ಉರಿಯುವುದು ಇಲ್ಲಿ. ಮಗುವನ್ನು ಶಾಲೆಗೆ ಸೇರಿಸಬೇಕೆಂದರೆ ವಿಳಾಸ ಬೇಕು. ಊರಿನ ಅಜ್ಜಿಯ ಬಳಿ ಬಿಟ್ಟರೆ ತಾಯಿಯಿಂದ ದೂರ, ಜೊತೆಗಿಟ್ಟುಕೊಂಡರೆ ಅಕ್ಷರದಿಂದ ದೂರ. ಕನ್ನಡ ಮನೆಮಾತು, ಕಲಿಸುವುದು ಮಲಯಾಳದಲ್ಲಿ. ತೇಲುವ ಬದುಕಿಗೆ ತೆರಬೇಕಾದ ಬೆಲೆ ಇದು.

ಕಾಲುವೆಯಲ್ಲಿ ಹದಿನಾಲ್ಕು ದಿನ

ಬಡವರ ಪಾಡಷ್ಟೇ ಹೀಗೆ ಎಂದುಕೊಳ್ಳುವಂತಿಲ್ಲ. ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ, ಮುಖ್ಯವಾಗಿ ಲಂಡನ್ನಿನಲ್ಲಿ, ಮನೆ ಬಾಡಿಗೆಯ ಭಾರ ತಾಳಲಾರದೆ ಉದ್ದನೆಯ ಕಿರುದೋಣಿಗಳಲ್ಲಿ ವಾಸಿಸುವವರು ಬಹಳ. ಅಲ್ಲಿನ 1995ರ ಕಾಯ್ದೆ ಪರವಾನಗಿ ಕೇಳುವವನ ಮುಂದೆ ಎರಡು ದಾರಿ ಇಟ್ಟಿದೆ. ದೋಣಿಗೆ ಖಾಯಂ ನೆಲೆಯೊಂದನ್ನು ತೋರಿಸಬೇಕು. ಇಲ್ಲವಾದರೆ ಸಾಮಾನ್ಯವಾಗಿ ಒಂದು ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದೆ ಸಂಚರಿಸುತ್ತಿರಬೇಕು. ಖಾಯಂ ನೆಲೆಗಳು ಕಡಿಮೆ, ಬಾಡಿಗೆ ಹೆಚ್ಚು. ಸಿಗದವರು ಎರಡು ವಾರಕ್ಕೊಮ್ಮೆ ಹಗ್ಗ ಬಿಚ್ಚುತ್ತಾರೆ. ಮಕ್ಕಳ ಶಾಲೆ ಮಾತ್ರ ಕಾಲುವೆಯ ಮೇಲೆ ಚಲಿಸುವುದಿಲ್ಲ. ಲಂಡನ್ನಿನ ತಾಯಿಯ ಚಿಂತೆಯೂ ಕೊಚ್ಚಿಯ ಸೇತುವೆಯಡಿಯ ತಾಯಿಯ ಚಿಂತೆಯೂ ಈ ಒಂದು ವಿಷಯದಲ್ಲಿ ಕೂಡುತ್ತವೆ.

ದಾಲ್ ಸರೋವರದ ಕಥೆ ಇನ್ನೂ ಸ್ವಾರಸ್ಯದ್ದು. ಮಹಾರಾಜರ ಕಾಲದ ಕಾಶ್ಮೀರದಲ್ಲಿ ಹೊರಗಿನವರು ನೆಲ ಕೊಳ್ಳುವಂತಿರಲಿಲ್ಲ. ಬೇಸಿಗೆ ಕಳೆಯಲು ಬಂದ ಬ್ರಿಟಿಷರು ನೆಲ ಬಿಟ್ಟು ನೀರಿಗಿಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಂಗಾರದ ಬೋಟುಮನೆಗಳು ಹುಟ್ಟಿದ್ದು ಹೀಗೆ. ಅದಕ್ಕೂ ಮುಂಚಿನಿಂದ ದೂಂಗಾ ಎಂಬ ಸರಳ ದೋಣಿಗಳಲ್ಲಿ ಹಾಂಜಿ ಜನ ಬಾಳುತ್ತಲೇ ಇದ್ದರು. ನೆಲದ ಕಾನೂನಿನಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಮನೆಗಳನ್ನೂ ಕಾನೂನು ಬಂದು ಹಿಡಿಯಿತು. ಸರೋವರ ಮಲಿನವಾಗುತ್ತಿದೆ ಎಂಬ ಕಾರಣಕ್ಕೆ ಹೊಸ ಬೋಟುಮನೆಗಳಿಗೆ ಅನುಮತಿ ನಿಂತು ಎಷ್ಟೋ ವರ್ಷಗಳಾದವು.

ಮರೆತ ಅಂಚು

ಮತ್ತೆ ಮಾರಿಕಣಿವೆಗೆ ಬಂದರೆ, ಅಲ್ಲಿ ನೀರಿನ ಮೇಲೆ ಮನೆ ಕಟ್ಟಿದವರು ಯಾರೂ ಇಲ್ಲ. ಆದರೆ ನೀರು ಸರಿದ ಅಂಚಿನಲ್ಲಿ ಬದುಕು ಕಟ್ಟಿಕೊಂಡವರು ಇದ್ದಾರೆ. 1933ರಿಂದ 2022ರವರೆಗೆ ಎಂದರೆ ಮೂರು ತಲೆಮಾರು. ಜಲಾಶಯ ತುಂಬಿದ್ದನ್ನು ಅಜ್ಜ ಹೇಳಿದ್ದುಂಟು, ಮೊಮ್ಮಗ ಕಂಡದ್ದಿಲ್ಲ. 2022ರಲ್ಲಿ ನೀರು ತನ್ನ ಹಳೆಯ ಗಡಿಯನ್ನು ಹುಡುಕಿಕೊಂಡು ಬಂದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ಜಮೀನು, ತೋಟಗಳು ಮುಳುಗಿದವು. ಕೋಡಿಯ ಮಟ್ಟ ತಗ್ಗಿಸಿ ಎಂಬ ಕೂಗು ಮೇಲಿನ ರೈತರದು. ಎಂಬತ್ತೊಂಬತ್ತು ವರ್ಷ ಕಾದು ಬಂದ ನೀರನ್ನು ಬಿಡಬೇಡಿ ಎಂಬುದು ಕೆಳಗಿನ ಅಚ್ಚುಕಟ್ಟಿನವರ ಮಾತು. ಇಬ್ಬರ ಮಾತಿಗೂ ಕಾರಣವುಂಟು.

ದೋಣಿಯವರು ಬಲ್ಲ ಒಂದು ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ನೆಲೆ ಹುಡುಕುವವನು ಇವತ್ತಿನ ನೀರನ್ನು ನೋಡುವುದಿಲ್ಲ. ಅತಿ ಹೆಚ್ಚಿನ ಪ್ರವಾಹ ಎಲ್ಲಿಗೆ ಬಂದಿತ್ತು, ಅತಿ ಕಡು ಬೇಸಿಗೆ ಎಲ್ಲಿಗೆ ಇಳಿಸಿತ್ತು ಎಂದು ಊರಿನ ಹಿರಿಯರನ್ನು ಕೇಳುತ್ತಾನೆ. ಅವೆರಡರ ನಡುವಿನಷ್ಟು ಹಗ್ಗ ತನ್ನಲ್ಲಿದೆಯೇ ಎಂದು ಅಳೆಯುತ್ತಾನೆ. ಆಮೇಲೆ ಗೂಟ ಹೊಡೆಯುತ್ತಾನೆ. ನೀರಿನ ಬಳಿ ಮನೆ ಕಟ್ಟುವವರಿಗೂ, ಅದಕ್ಕೆ ಅನುಮತಿ ಕೊಡುವವರಿಗೂ ಈ ಲೆಕ್ಕವೇ ಲೆಕ್ಕ. ಹರಿಯುವ ನೀರಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಗಾದೆಯನ್ನು ತಿರುಗಿಸಿ ಓದಿದರೆ ಸಿಗುವ ಅರ್ಥವೂ ಅದೇ: ಬರುವಾಗ ನೀರು ನಮ್ಮ ಅಪ್ಪಣೆಯನ್ನೂ ಕೇಳುವುದಿಲ್ಲ.